ಕಾಕುವಿನ ಕಾರಿನ ಬ್ಯಾಟರಿ

ಹೋದ ವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ವಾಚ್‌ಮನ್ ಯಾರದೋ ಕಾರಿನ ಬಾನೆಟ್ ಎತ್ತಿ ನಿಂತಿದ್ದ. ಬ್ಯಾಟರಿಯ ತುದಿಗಳಿಗೆ ಹತ್ತಿದ್ದ ನೀಲಿ ಬೆರೆತ ಬಿಳಿ ಪುಡಿಯ ಮೇಲೆ ಸೋಡಾ ಕಲಸಿದ ಬಿಸಿನೀರು ಸುರಿಯುತ್ತಿದ್ದ. ಪುಡಿ ಬುಸ್ಸೆಂದು ನೊರೆಯಾಗಿ ಕೆಳಗಿಳಿಯಿತು. ಆಗ ಒಂದು ವಾಸನೆ ಏಳುತ್ತದೆ. ಹುಳಿ ಹುಳಿ, ಜೊತೆಗೆ ಕಾದ ಲೋಹದ್ದು. ಮೂಗಿಗಿಂತ ಮೊದಲು ಗಂಟಲಿಗೆ ತಾಕುವಂಥದ್ದು. ಲೋಕಲ್ ಹಿಡಿಯುವ ಅವಸರದಲ್ಲಿ ಮುಲುಂಡ್ ಸ್ಟೇಷನ್ನಿಗೆ ಹೊರಟಿದ್ದವಳು ಅಲ್ಲೇ ನಿಂತುಬಿಟ್ಟೆ. ಮೊದಲು ಬಂದದ್ದು ಎದುರುಮನೆ ಕಾಕುವಿನ ಮುಖವಲ್ಲ, ಸಿಟ್ಟು. ಮುಖ ಆಮೇಲೆ ಬಂತು.

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಅವರು ನಮ್ಮ ಸಂಬಂಧಿಕರಲ್ಲ. ನಾವು ಧಾರವಾಡದ ಕಡೆಯವರು, ಅವರು ವಿಜಯಪುರದವರು. ಒಂದೇ ಮಹಡಿಯಲ್ಲಿ ಎದುರುಬದುರು ಮನೆ. ನಾನು ಶಾಲೆಗೆ ಹೋಗುವ ಕಾಲದಿಂದಲೂ ಆ ಎರಡು ಬಾಗಿಲು ರಾತ್ರಿ ಮಲಗುವಾಗ ಬಿಟ್ಟರೆ ಮುಚ್ಚಿದ್ದು ನಾನು ಕಂಡಿರಲಿಲ್ಲ. ನಮ್ಮ ಮನೆಯ ಕೀಲಿ ಅವರ ಮೊಳೆಗೆ, ಅವರದು ನಮ್ಮ ಮೊಳೆಗೆ. ಊರಿನಿಂದ ಜೋಳದ ಹಿಟ್ಟು ಬಂದರೆ ಎರಡು ಮನೆಗೂ ಬರುತ್ತಿತ್ತು. ಅವ್ವನೂ ಅವರೂ ಒಬ್ಬರಿಗೊಬ್ಬರು "ನೀ" ಎನ್ನುತ್ತಿದ್ದರು. ಮುಂಬೈಗೆ ಬಂದು ಇಷ್ಟು ವರ್ಷವಾದರೂ ಅವ್ವ "ನೀ" ಎಂದು ಕರೆದ ಇನ್ನೊಬ್ಬ ಹೆಂಗಸು ಈ ಊರಿನಲ್ಲಿ ಇರಲಿಲ್ಲ.

ಕಾಕುವಿನ ಗಂಡ ಒಂದು ಪುಟ್ಟ ಕೆಂಪು ಕಾರು ಕೊಂಡಿದ್ದರು. ಅವರು ಇರುವವರೆಗೆ ಕಾಕು ಸ್ಟೇರಿಂಗ್ ಮುಟ್ಟಿದವರಲ್ಲ. ಅವರು ಹೋದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು: ಗಾಡಿ ಮಾರಿಬಿಡಿ. ಕಾಕು ಮಾರಲಿಲ್ಲ. ಡ್ರೈವಿಂಗ್ ಕ್ಲಾಸಿಗೆ ಸೇರಿದರು. ಮೊದಲ ಟೆಸ್ಟಿನಲ್ಲಿ ಫೇಲಾದರು, ಮತ್ತೆ ಹೋದರು, ಪಾಸಾದರು. ಆಮೇಲೆ ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿ ಅವರು ಪಾರ್ಕಿಂಗಿನಿಂದ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರೆ ಗ್ಯಾಲರಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಕೈಯಿಂದ ತಿರುಗಿಸಿ ಇಳಿಸುವ ಗಾಜು, ಭಾರದ ಸ್ಟೇರಿಂಗ್, ಬಣ್ಣ ಮಾಸಿದ ಬಾಗಿಲು. ಅದರಲ್ಲಿ ಅವರು ಸಯನ್‌ನಲ್ಲಿದ್ದ ಬಾಲ್ಯದ ಗೆಳತಿಯ ಮನೆಗೆ ಹೋಗುತ್ತಿದ್ದರು, ತರಕಾರಿಗೆ ಭಾಜಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಕೆಲವು ಸಲ ಎಲ್ಲಿಗೆ ಎಂದು ಯಾರಿಗೂ ಹೇಳದೆ ಹೋಗಿ, ಮುಖ ತೊಳೆದವರಂತೆ ಹಗುರಾಗಿ ವಾಪಸು ಬರುತ್ತಿದ್ದರು...

ಅವರಿಗೆ ಒಬ್ಬನೇ ಮಗ. ಮದುವೆಯಾಗಿ ದಾದರ್‌ನಲ್ಲಿದ್ದ. ಒಳ್ಳೆಯ ನೌಕರಿ, ಒಳ್ಳೆಯ ನಡತೆ, ಭಾನುವಾರ ಹಣ್ಣಿನ ಚೀಲ ಹಿಡಿದು ಬಂದರೆ ಕೆಳಗಿನ ಮಹಡಿಯಿಂದ ಎಲ್ಲರಿಗೂ ನಮಸ್ಕಾರ ಮಾಡುತ್ತಾ ಮೇಲೆ ಹತ್ತುವವನು. ಬಿಲ್ಡಿಂಗಿನ ತಾಯಂದಿರೆಲ್ಲ ತಮ್ಮ ಮಕ್ಕಳಿಗೆ ಅವನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನನಗೂ ಅವನ ಮೇಲೆ ಆಗ ಯಾವ ದ್ವೇಷವೂ ಇರಲಿಲ್ಲ.

ಒಂದು ದಿನ ಕಾಕು ನಮ್ಮ ಮನೆಯ ಕೀಲಿಯನ್ನು ಅವ್ವನ ಕೈಗೆ ಕೊಟ್ಟು, ತಮ್ಮ ಕೀಲಿ ಕೇಳಿ ತೆಗೆದುಕೊಂಡು ಹೋದರು. ಯಾಕೆ ಎನ್ನಲಿಲ್ಲ. ಅವರ ಬಾಗಿಲು ಮುಚ್ಚಿತು. ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಾ ಇಳಿಯುತ್ತಿದ್ದರು. ಅವ್ವ ಏನು ತಪ್ಪಾಯಿತೆಂದು ಹುಡುಕಿ ಹುಡುಕಿ ಸೋತಳು. ಶೇಂಗಾ ಚಟ್ನಿ ಮಾಡಿ ಡಬ್ಬಿಯಲ್ಲಿ ತುಂಬಿ ನನ್ನ ಕೈಯಲ್ಲಿ ಕಳಿಸಿದಳು. ಕಾಕು ಡಬ್ಬಿಯನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದರು. ಅಂದು ಅವ್ವ ಗ್ಯಾಸ್ ಕಟ್ಟೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದಳು. ಅವಳು ಅತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹತ್ತಿರ ಹೋಗಲಿಲ್ಲ... ಹೀಗೆ ಹೆಚ್ಚುಕಡಿಮೆ ಒಂದು ವರ್ಷ ಕಳೆಯಿತು.

ಆ ವರ್ಷವೇ ಕಾಕುವಿನ ಕಾರು ಕೈಕೊಡಲು ಶುರುಮಾಡಿದ್ದು. ಎರಡು ದಿನ ನಿಲ್ಲಿಸಿದರೆ ಸಾಕು, ಮೂರನೆಯ ದಿನ ಸೆಲ್ಫ್ ಟಕ್ ಎಂದು ಒಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ವಾಚ್‌ಮನ್ ಮತ್ತು ಹಾಲಿನವನು ಸೇರಿ ಧಕ್ಕಾ ಕೊಡುತ್ತಿದ್ದರು. ಗ್ಯಾರೇಜಿನವನು ಬ್ಯಾಟರಿ ಹಳೆಯದಾಯಿತೆಂದು ಹೊಸದು ಹಾಕಿದ. ಹೊಸದೂ ಹಾಗೇ ಸತ್ತಿತು. ಡೈನಮೋ ಪರೀಕ್ಷಿಸಿ, ಚಾರ್ಜಿಂಗ್ ಸರಿ ಇದೆ ಎಂದ. ಮತ್ತೂ ಸತ್ತಾಗ, ಗಾಡಿಗೆ ವಯಸ್ಸಾಯಿತು ತಾಯಿ, ಇನ್ನು ಅದರ ಮೇಲೆ ಭರವಸೆ ಇಡಬೇಡಿ ಎಂದುಬಿಟ್ಟ. ಮಗ ಭಾನುವಾರಗಳಲ್ಲಿ ಬಂದು ಅದನ್ನೇ ಹೇಳತೊಡಗಿದ. ನಡುರಸ್ತೆಯಲ್ಲಿ ನಿಂತರೆ ಏನು ಗತಿ, ಈ ವಯಸ್ಸಿನಲ್ಲಿ ಯಾಕೆ ಬೇಕು, ಕೊಟ್ಟುಬಿಡು, ನಾನೇ ಕ್ಯಾಬ್ ಮಾಡಿಕೊಡುತ್ತೇನೆ. ಗ್ಯಾಲರಿಯಲ್ಲಿ ನಿಂತರೆ ಅವನ ಸಮಾಧಾನದ ದನಿ ನಮಗೂ ಕೇಳುತ್ತಿತ್ತು.

ನಾನು ಆಗ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿದ್ದೆ. ಒಂದು ಶನಿವಾರ ಕೆಳಗಿಳಿದರೆ ಕಾಕು ಬಾನೆಟ್ ಎತ್ತಿ ಒಳಗೆ ನೋಡುತ್ತಾ ನಿಂತಿದ್ದರು. ಎಲ್ಲಿಗೋ ಹೋಗಲು ತಯಾರಾದವರು. ಸುಮ್ಮನೆ ದಾಟಿ ಹೋಗುವುದು ನನ್ನಿಂದಾಗಲಿಲ್ಲ. ನಾನು ನೋಡಲೇ ಎಂದು ಕೇಳಿದೆ.

ಅವರು ತಲೆ ಎತ್ತಲಿಲ್ಲ. "ನಾ ಎಲ್ಲೆಲ್ಲಿ ಹೋಗ್ತೀನಿ ಅನ್ನೂದು ನಿಮ್ಮವ್ವ ನೋಡ್ತಾಳ. ಗಾಡಿ ನೀ ನೋಡು. ಆಮ್ಯಾಲೆ ನಂದಂತ ಏನ ಉಳೀತು?"

ನನಗೆ ಅರ್ಥವಾಗಲಿಲ್ಲ. ಏನು ಹಾಗಂದರೆ ಎಂದು ನಾನೂ ಗಟ್ಟಿಯಾಗಿಯೇ ಕೇಳಿದೆ. ಆಗ ಹೊರಬಂತು. ಅವರು ಎಲ್ಲಿಗೆ ಹೋದರೂ ಮಗನಿಗೆ ಗೊತ್ತಾಗುತ್ತಿತ್ತು. ಸಯನ್‌ನಲ್ಲಿ ಅಷ್ಟು ಹೊತ್ತು ಯಾಕೆ ಕೂತಿದ್ದೆ ಎಂದು ಫೋನಿನಲ್ಲಿ ಕೇಳುತ್ತಿದ್ದ. ಆ ಗೆಳತಿ ಐವತ್ತು ದಾಟಿದ ಮೇಲೆ ರಿಜಿಸ್ಟರ್ ಮದುವೆಯಾದವಳು; ಅವಳ ಸಹವಾಸ ಅವನಿಗೆ ಹಿಡಿಸುತ್ತಿರಲಿಲ್ಲ. ನಿನಗೆ ಯಾರು ಹೇಳಿದರು ಎಂದು ಕಾಕು ಕೇಳಿದಾಗ ಅವನು ಒಂದು ಕ್ಷಣವೂ ತಡೆಯದೆ ನಮ್ಮ ಅವ್ವನ ಹೆಸರು ಹೇಳಿದ್ದ. ಎದುರುಮನೆ ಆಂಟಿ ಹೇಳಿದರು, ಪಾಪ, ಅವರಿಗೆ ನಿನ್ನ ಕಾಳಜಿ ಎಂದಿದ್ದ.

ನನ್ನ ಮೈ ಉರಿಯಿತು. ಅವ್ವನಿಗೆ ಅವನ ನಂಬರ್ ಕೂಡ ಗೊತ್ತಿಲ್ಲ ಎಂದೆ. ನೀವು ಕೀಲಿ ಕಿತ್ತುಕೊಂಡು ಹೋದ ಮೇಲೆ ಅವಳಿಗೆ ನಿಮ್ಮ ಸುದ್ದಿ ಎಲ್ಲಿಂದ ಬರುತ್ತದೆ ಎಂದೆ. ಸಯನ್ ಗೆಳತಿ ನಿಮ್ಮವ್ವನಿಗೂ ಪರಿಚಯ ಎಂದರು ಕಾಕು. ಸರಿ, ಸಯನ್ ಬಿಡಿ, ಬೇರೆ ಕಡೆ ಹೋದದ್ದು ಅವನಿಗೆ ಗೊತ್ತಾಗಿಲ್ಲವೇ ಎಂದು ಕೇಳಿದೆ. ಅವರು ಬಾಯಿ ತೆರೆದವರು ಅಲ್ಲೇ ನಿಂತರು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಒಬ್ಬರೇ ಹೋಗಿ ಗಾಡಿಯಲ್ಲಿ ಕೂತು ನೀರು ನೋಡುತ್ತಿದ್ದರಂತೆ. ಅದು ಭೂಮಿಯ ಮೇಲೆ ಇನ್ನೊಂದು ಜೀವಕ್ಕೆ ಗೊತ್ತಿರಲಿಲ್ಲ. ಅದನ್ನೂ ಅವನು ಕೇಳಿದ್ದ.

ಕಾಕು ಬಾನೆಟ್ ಇಳಿಸಿದರು. ಆಮೇಲೆ ಅವರು, ನಾಳೆ ರಜೆ ಇದೆಯಲ್ಲ, ನೋಡು ಹಾಗಿದ್ದರೆ ಎಂದರು. ಆ ಹೊತ್ತಿಗೆ ನಮ್ಮಿಬ್ಬರ ಮನಸ್ಸಿನಲ್ಲೂ ಅವನ ಪ್ರಶ್ನೆಗಳಿಗೂ ಬ್ಯಾಟರಿಗೂ ಸಂಬಂಧವಿರಬಹುದೆಂಬ ಯೋಚನೆ ಇರಲಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ: ಅವ್ವನ ಮಗಳು ಒಂದು ಒಳ್ಳೆಯ ಕೆಲಸ ಮಾಡಿದಳು ಎಂದು ಅವರು ನೋಡಬೇಕು.

ಭಾನುವಾರ ಬೆಳಿಗ್ಗೆ ನಾನು ಕರೆಂಟು ಅಳೆಯುವ ಮೀಟರ್ ತೆಗೆದುಕೊಂಡು ಇಳಿದೆ. ಮಾಡಬೇಕಾದದ್ದು ಕಷ್ಟದ್ದೇನಲ್ಲ. ಗಾಡಿ ಬಂದ್ ಆಗಿರುವಾಗಲೂ ಯಾವುದೋ ಒಂದು ಕರೆಂಟು ಎಳೆಯುತ್ತಿದ್ದರೆ ಬ್ಯಾಟರಿ ಖಾಲಿಯಾಗುತ್ತದೆ, ತೊಟ್ಟಿಕ್ಕುವ ನಲ್ಲಿಯಿಂದ ನೀರಿನ ಟಾಕಿ ಖಾಲಿಯಾದ ಹಾಗೆ. ತುದಿಗಳಿಗೆ ಹತ್ತಿದ್ದ ಬಿಳಿ ಪುಡಿಯನ್ನು ಮೊದಲು ಸೋಡಾ ನೀರಿನಿಂದ ತೊಳೆದೆ; ಅದೇ ಹುಳಿ ವಾಸನೆ. ಬ್ಯಾಟರಿಯ ಮೈನಸ್ ವಯರ್ ಬಿಚ್ಚಿ, ಆ ವಯರಿಗೂ ಬ್ಯಾಟರಿಗೂ ನಡುವೆ ಮೀಟರ್ ಸೇರಿಸಿದೆ. ಕೀಲಿ ತೆಗೆದು, ಒಳಗಿನ ದೀಪ ಆರಿಸಿ, ಬಾಗಿಲ ಸ್ವಿಚ್ಚಿಗೆ ಟೇಪ್ ಅಂಟಿಸಿದೆವು. ಅಂಥ ಹಳೆಯ ಗಾಡಿಯಲ್ಲಿ ಗಡಿಯಾರ, ರೇಡಿಯೊ ಬಿಟ್ಟರೆ ಏನೂ ಎಳೆಯಬಾರದು; ಮೀಟರಿನ ಮುಳ್ಳು ಅಲುಗಬಾರದು. ನಮ್ಮ ಮುಳ್ಳು ಎದ್ದು ಒಂದು ಕಡೆ ನಿಂತಿತು. ಇಳಿಯಲಿಲ್ಲ.

ಕಾಕು ಸೆರಗು ಬಿಗಿದು ಡ್ಯಾಶ್ಬೋರ್ಡಿನ ಕೆಳಗೆ ತಲೆ ತೂರಿಸಿ ಫ್ಯೂಸುಗಳನ್ನು ಒಂದೊಂದಾಗಿ ಕೀಳತೊಡಗಿದರು. ಹುಬ್ಬಿನ ಕೂದಲು ಕೀಳುವ ಚಿಮಟವನ್ನೇ ಅದಕ್ಕೆ ತಂದಿದ್ದರು. ಅವರು ಕೀಳುವುದು, ಇಳೀತೇನು ಎಂದು ಕೇಳುವುದು, ಇಲ್ಲ ಎಂದು ನಾನು ಹೇಳುವುದು. ಹೆಡ್‌ಲೈಟ್, ಹಾರ್ನ್, ವೈಪರ್. ರೇಡಿಯೊದ್ದು ಕಿತ್ತಾಗ ಒಂದು ಕೂದಲೆಳೆಯಷ್ಟು ಇಳಿಯಿತು, ಅಷ್ಟೇ. ಎಲ್ಲ ಫ್ಯೂಸೂ ಅವರ ಸೆರಗಿನ ಗಂಟಿಗೆ ಸೇರಿದವು. ಮುಳ್ಳು ಹಾಗೇ ಇತ್ತು. ಡೈನಮೋ ಒಳಗಿನಿಂದ ಸೋರುವುದುಂಟು. ಅದರ ದಪ್ಪ ವಯರನ್ನೂ ಬಿಚ್ಚಿದೆ. ಆಗಲೂ ಇಳಿಯಲಿಲ್ಲ.

ಅಂದರೆ ಎಳೆಯುತ್ತಿರುವುದು ಫ್ಯೂಸಿನ ಪೆಟ್ಟಿಗೆಗೆ ಬರುವ ಮೊದಲೇ, ನೇರ ಬ್ಯಾಟರಿಯಿಂದಲೇ. ಪ್ಲಸ್ ತುದಿಯಿಂದ ಹೊರಟ ವಯರುಗಳನ್ನು ಬೆರಳಿನಿಂದ ಹಿಡಿದು ಹೋದೆ. ಎಲ್ಲವೂ ಎಣ್ಣೆ, ಧೂಳು ಕುಡಿದು ಕಪ್ಪಾಗಿದ್ದವು. ಅವುಗಳ ನಡುವೆ ಒಂದು ತೆಳ್ಳಗಿನ ಕೆಂಪು ವಯರ್. ಹೊಸದು. ಮೇಲೆ ಸುತ್ತಿದ ಟೇಪು ಇನ್ನೂ ಮಿಂಚುತ್ತಿತ್ತು. ಅದು ಎಂಜಿನ್ನಿನ ಹಿಂದಿನ ತಗಡಿನ ತೂತಿನಿಂದ ಒಳಗೆ ಹೋಗಿತ್ತು. ಒಳಗೆ, ಸ್ಟೇರಿಂಗಿನ ಹಿಂಬದಿ, ಕೈ ಹಾಕಿದರೆ ಮಾತ್ರ ಸಿಗುವ ಜಾಗದಲ್ಲಿ, ಬೆಂಕಿಪೆಟ್ಟಿಗೆಯಂಥ ಒಂದು ಕಪ್ಪು ಡಬ್ಬಿ. ಮೇಲೆ ಸಣ್ಣ ಹಸಿರು ದೀಪ ಮಿಣುಕುತ್ತಿತ್ತು. ಮುಚ್ಚಳ ತೆಗೆದೆ. ಒಳಗೆ ಫೋನಿನ ಸಿಮ್ ಕಾರ್ಡ್ ಇತ್ತು.

ಗಾಡಿ ಎಲ್ಲಿದೆ ಎಂದು ತಿಳಿಸುವ ಯಂತ್ರ ಅದು. ಅಗ್ಗದ್ದು. ಅದರೊಳಗೇ ಇದ್ದ ಪುಟ್ಟ ಬ್ಯಾಟರಿ ಉಬ್ಬಿ ಕೆಟ್ಟುಹೋಗಿತ್ತು. ಎಷ್ಟು ಕುಡಿದರೂ ಅದು ತುಂಬುತ್ತಿರಲಿಲ್ಲ. ಹಗಲೂ ರಾತ್ರಿ ಕಾರಿನ ಬ್ಯಾಟರಿಯನ್ನು ಹೀರುತ್ತಲೇ ಇತ್ತು. ನಾನು ಆ ಕೆಂಪು ವಯರನ್ನು ಬಿಡಿಸಿ ಹಿಡಿದೆ. ಮುಳ್ಳು ಕೆಳಗೆ ಬಿತ್ತು.

 ಹಿಂದಿನ ವರ್ಷ ದಸರೆಗೆ ಮೊದಲು ಮಗ ಗಾಡಿಯನ್ನು ಸರ್ವಿಸಿಂಗಿಗೆ ಒಯ್ದಿದ್ದ. ಹೊಸ ಸೀಟ್ ಕವರ್ ಹಾಕಿಸಿ ತಂದಿದ್ದ. ನನ್ನ ಮಗ ನೋಡಿರಿ ಎಂದು ಕಾಕು ಬಿಲ್ಡಿಂಗಿಗೆಲ್ಲ ಬಾಗಿಲು ತೆಗೆದು ತೋರಿಸಿದ್ದರು. ಆ ಸೀಟ್ ಕವರಿನ ಮೇಲೆ ಕೈಯಾಡಿಸುತ್ತಾ ಕೂತರು. ಅವರ ಮುಖದಲ್ಲಿ ಅಳು ಬರಬಹುದೆಂದು ನಾನು ಹೆದರಿದ್ದೆ. ಅಳುವಲ್ಲ, ಬೇರೇನೋ ಗಟ್ಟಿಯಾಗುತ್ತಿತ್ತು. ಅವನೇ ಕದ್ದು ಇಟ್ಟದ್ದು ಗಾಡಿಯನ್ನು ಕೊಲ್ಲುತ್ತಿತ್ತು. ಗಾಡಿ ಸಾಯುತ್ತಿದೆ, ಬಿಟ್ಟುಬಿಡು ಎಂದು ಅವನೇ ಭಾನುವಾರ ಭಾನುವಾರ ಬಂದು ಬುದ್ಧಿ ಹೇಳುತ್ತಿದ್ದ. ನಡುವೆ ನಮ್ಮವ್ವನ ಹೆಸರು.

ಕತ್ತರಿಸಿ ಎಸೆಯುತ್ತೇನೆ ಎಂದು ನಾನು ಕಟ್ಟರ್ ತೆಗೆದೆ. ಅವರು ನನ್ನ ಕೈ ಹಿಡಿದರು. "ತಗೀಬ್ಯಾಡ. ಎಲ್ಲಾ ಹೆಂಗಿತ್ತೋ ಹಂಗ ಹಚ್ಚು."

ಪಕ್ಕದವರ ಕಾರಿನಿಂದ ಕೇಬಲ್ ಎಳೆದು ಗಾಡಿ ಸ್ಟಾರ್ಟ್ ಮಾಡಿದೆವು. ಕಾಕು ತಮ್ಮ ಫೋನ್ ಬಂದ್ ಮಾಡಿದರು, ನಿನ್ನದೂ ಮಾಡು ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹೈವೇ ಪಕ್ಕದ ಒಂದು ಪೊಲೀಸ್ ಸ್ಟೇಷನ್ನಿನ ಗೇಟಿನ ಎದುರು, ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿದರು. ಒಳಗೆ ಹೋಗುವುದೇ ಎಂದು ಕೇಳಿದೆ. ಇಲ್ಲ, ಇಲ್ಲೇ ಕೂಡೋಣ, ಆ ಡಬ್ಬಿ ಅವನಿಗೆ ಹೇಳಲಿ ಎಂದರು. ಕೂತೆವು. ಬಿಸಿಲು ಏರಿತು. ಅವರು ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು, ಗಾಡಿ ಓಡಿಸುತ್ತಿರುವವರ ಹಾಗೆಯೇ ನೇರ ನೋಡುತ್ತಿದ್ದರು. ಅವನು ಬರದಿದ್ದರೆ ಸಾಕೆಂದು ಅವರ ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತೇನೋ. ನನಗೆ ಈಗ ಹಾಗನ್ನಿಸುತ್ತದೆ...

ಅವನು ಬಂದ. ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ತನ್ನ ಕಾರಿನಿಂದ ಇಳಿದು ಓಡಿಬಂದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಹೆದರಿದ್ದ, ನಿಜವಾಗಿಯೂ ಹೆದರಿದ್ದ. ಅದನ್ನು ಬಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಏನಾಯ್ತು ಮಮ್ಮಿ, ಆಕ್ಸಿಡೆಂಟಾ, ಫೋನ್ ಯಾಕೆ ಬಂದ್ ಎಂದು ಒಂದೇ ಸಮನೆ ಕೇಳಿದ. ಕಾಕು ಗಾಜನ್ನು ಪೂರ್ತಿ ಇಳಿಸಿದರು.

"ನಾ ಇಲ್ಲಿ ಅದೀನಿ ಅಂತ ನಿನಗ ಯಾರು ಹೇಳಿದ್ರು?"

ಅವನು ಒಂದು ಕ್ಷಣವೂ ತಡೆಯಲಿಲ್ಲ. "ಎದುರುಮನೆ ಆಂಟಿ ಫೋನ್ ಮಾಡಿದ್ರಲ್ಲ, ಮಮ್ಮಿ. ಉನ್ಹೋಂನೇಹೀ ಬತಾಯಾ, ಅವರೇ ಹೇಳಿದ್ರು."

ಅಭ್ಯಾಸವಾಗಿಬಿಟ್ಟಿತ್ತು. ಪಕ್ಕದ ಸೀಟಿನಲ್ಲಿ ಆ ಆಂಟಿಯ ಮಗಳು ಕೂತಿದ್ದಾಳೆ ಎಂಬುದನ್ನು ಅವನು ನೋಡಿದ್ದು ಆಮೇಲೆ. ನೋಡಿದವನ ಮುಖದ ಬಣ್ಣ ಹೋಯಿತು. ಈಕೆಯ ಅವ್ವನಿಗೆ ನಾವು ಇಲ್ಲಿದ್ದೇವೆಂದು ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಎಂದು ಕಾಕು ನಿಧಾನವಾಗಿ ಹೇಳಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು. ನಾನು ಬಗ್ಗಿ ವಯರ್ ಕತ್ತರಿಸಿದೆ, ಬಿಟ್ಟ ತುದಿಗೆ ಟೇಪ್ ಸುತ್ತಿದೆ, ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಅವನು ಸೇಫ್ಟಿ ಎಂದ. ಒಬ್ಬಳೇ ಓಡಾಡುತ್ತೀಯ, ಏನಾದರೂ ಆದರೆ ನನಗೆ ಹೇಗೆ ತಿಳಿಯಬೇಕು ಎಂದ. ನಿನ್ನ ಮೇಲಿನ ಪ್ರೀತಿಗೇ ಮಾಡಿದ್ದು ಎಂದ.

"ಪ್ರೀತಿ ಇದ್ದಿದ್ರ ಹೇಳಿ ಹಾಕ್ತಿದ್ದಿ" ಎಂದರು ಕಾಕು. ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಇದನ್ನ ನಿನ್ನ ಗಾಡಿಗೆ ಹಚ್ಕೋ. ನೀ ಎಲ್ಲೆಲ್ಲಿ ಹೋಗ್ತಿ, ನಾ ನೋಡ್ತೀನಿ. ನಂಗೂ ನಿನ್ನ ಮ್ಯಾಲೆ ಪ್ರೀತಿ ಅದ."

 ಕಾಕು ಗಾಡಿ ಸ್ಟಾರ್ಟ್ ಮಾಡಿದರು. ಅದು ಒಂದೇ ಸಲಕ್ಕೆ ಎದ್ದಿತು. ಕನ್ನಡಿಯಲ್ಲಿ ಅವನು ಆ ಗೇಟಿನ ಮುಂದೆ ಡಬ್ಬಿ ಹಿಡಿದು ನಿಂತಿದ್ದು ಕಾಣುತ್ತಿತ್ತು. ಒಬ್ಬ ಹವಾಲ್ದಾರ ಅವನನ್ನು ಏನೋ ವಿಚಾರಿಸುತ್ತಿದ್ದ. ಕಾಕು ಕನ್ನಡಿ ನೋಡಲಿಲ್ಲ.

ಮನೆಗೆ ಬಂದವರು ನೇರ ನಮ್ಮ ಬಾಗಿಲಿಗೆ ಬಂದರು. ಅವ್ವ ತೆಗೆದಳು. ಕಾಕು ಹೊಸ್ತಿಲ ಹೊರಗೇ ನಿಂತು ಎಲ್ಲವನ್ನೂ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ತಪ್ಪಾಯ್ತು ಎಂದು ಕೈ ಮುಗಿದರು. ಅವ್ವ ಕೇಳಿಸಿಕೊಂಡಳು. ಅವಳು ಓಡಿಹೋಗಿ ತಬ್ಬಿಕೊಳ್ಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ.

"ಒಳಗ ಬರ್ರಿ. ಚಹಾ ಮಾಡ್ತೀನಿ, ಕುಡದು ಹೋಗ್ರಿ" ಎಂದಳು.

ಬರ್ರಿ, ಹೋಗ್ರಿ. ಕಾಕು ಆ ಎರಡು ಮಾತನ್ನು ಕೇಳಿ ತಲೆ ತಗ್ಗಿಸಿದರು. ಚಹಾ ಕುಡಿದರು, ಕಪ್ ತೊಳೆದಿಟ್ಟರು, ಹೋದರು. ಆಮೇಲೆ ಡಬ್ಬಿಗಳು ಮತ್ತೆ ಓಡಾಡಿದವು, ಹಬ್ಬಗಳಿಗೆ ಕರೆಯುವುದು ನಡೆಯಿತು. ಆದರೆ ಅವ್ವನ ಬಾಯಿಂದ ಆ "ರಿ" ಎಂದೂ ಇಳಿಯಲಿಲ್ಲ. ಕಾಕು ಕೂಡ ಕೊನೆಕೊನೆಗೆ "ನೀವು" ಎನ್ನುವುದನ್ನು ರೂಢಿಸಿಕೊಂಡರು. ಒಬ್ಬ ಮಗ ಆಡಿದ ಒಂದು ಸುಲಭದ ಸುಳ್ಳಿಗೆ ಇಬ್ಬರು ಹೆಂಗಸರು ತೆತ್ತದ್ದು ಇದು. ಅವನಿಗೆ ಇದರ ಗಂಧವೂ ಇಲ್ಲ.

ಸುದ್ದಿ ಬಿಲ್ಡಿಂಗಿನಲ್ಲಿ ಹರಡಿತು. ಜನ ಅವನ ಮೇಲೆ ಮುನಿಯುತ್ತಾರೆಂದು ನಾನು ಮೂರ್ಖಳಂತೆ ಕಾದೆ. ಎಲ್ಲರೂ ಅವನ ಪರ. ಇಂಥ ಕಾಳಜಿಯ ಮಗ ಯಾರಿಗೆ ಸಿಗುತ್ತಾನೆ ಎಂದರು. ತಾಯಿಗೆ ಮುಚ್ಚಿಡುವಂಥದ್ದು ಏನಿತ್ತು ಹಾಗಾದರೆ ಎಂದು ಒಬ್ಬರು ಅರ್ಥಗರ್ಭಿತವಾಗಿ ನಕ್ಕರು. ಸೊಸೈಟಿಯ ಸೆಕ್ರೆಟರಿ, ಗೇಟಿನಲ್ಲಿ ನಾವೂ ಕ್ಯಾಮೆರಾ ಹಾಕಿದ್ದೇವಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ನಮ್ಮ ಅಪ್ಪನೂ, ಹುಡುಗ ಸ್ವಲ್ಪ ದುಡುಕಿದ, ಆದರೆ ಮನಸ್ಸು ಒಳ್ಳೆಯದೇ ಎಂದುಬಿಟ್ಟರು. ಅಪ್ಪನದೇ ಹೆಂಡತಿಯನ್ನು ಚಾಡಿಕೋರಳನ್ನಾಗಿ ಮಾಡಿದವನ ಮನಸ್ಸು ಒಳ್ಳೆಯದಂತೆ. ಅಂದು ನಾನು ಅಪ್ಪನ ಜೊತೆ ಜಗಳವಾಡಿದೆ. ಊಟದ ತಟ್ಟೆ ಬಿಟ್ಟು ಎದ್ದೆ. ಖಾಡಿಯ ದಂಡೆಯಲ್ಲಿ ಯಾವ ಗುಟ್ಟೂ ಇರಲಿಲ್ಲ ಎಂದು ಅವರಿಗೆ ಯಾರು ಹೇಳಬೇಕು? ಗುಟ್ಟಿಲ್ಲದ ಜಾಗಕ್ಕೂ ಒಬ್ಬ ಮನುಷ್ಯ ಒಬ್ಬನೇ ಹೋಗಬಹುದು ಎಂಬುದು ಅಷ್ಟು ಕಷ್ಟದ ಮಾತೇ?

ಕಾಕು ಮಾತ್ರ ಯಾರಿಗೂ ಏನನ್ನೂ ವಿವರಿಸಲು ಹೋಗಲಿಲ್ಲ. ಬ್ಯಾಟರಿ ಮತ್ತೆ ಸಾಯಲಿಲ್ಲ. ಅವರು ಗಾಡಿ ಓಡಿಸಿದರು, ಇನ್ನೂ ದೂರ ದೂರ ಓಡಿಸಿದರು. ನನಗೂ ಕಲಿಸಿದರು. ನಾನು ಕ್ಲಚ್ ಬಿಡುವಾಗ ಗಾಡಿ ಜಿಗಿದರೆ ಬೈಯುತ್ತಿರಲಿಲ್ಲ. ಆದರೆ ಹಿಂದಿನವರು ಹಾರ್ನ್ ಹೊಡೆದಾಗ ನಾನು ಗಾಬರಿಯಾಗಿ ಪಕ್ಕಕ್ಕೆ ಸರಿದರೆ ಬೈಯುತ್ತಿದ್ದರು. ರಸ್ತೆ ಅವರ ಅಪ್ಪನದಲ್ಲ ಎನ್ನುತ್ತಿದ್ದರು. ಮಗ ಕೆಲವು ತಿಂಗಳು ಬರಲಿಲ್ಲ. ಆಮೇಲೆ ಹಣ್ಣಿನ ಚೀಲದ ಜೊತೆ ಬರತೊಡಗಿದ. ಕಾಕು ಊಟಕ್ಕೆ ಬಡಿಸುತ್ತಿದ್ದರು, ಮಾತು ಕಡಿಮೆ ಮಾಡಿದ್ದರು. ಅವನು ಕ್ಷಮೆ ಕೇಳಿದನೇ ಎಂದು ಒಮ್ಮೆ ಕೇಳಿದೆ. ಯಾತಕ್ಕೆ ಕೇಳಬೇಕೆಂದು ಅವನಿಗಿನ್ನೂ ಗೊತ್ತಾಗಿಲ್ಲ ಎಂದರು.

ಮೂರು ಮಳೆಗಾಲ ಹೀಗೆ ಹೋಯಿತು. ನಾಲ್ಕನೆಯದರಲ್ಲಿ ಕಾಕು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮಗ ಅವರನ್ನು ದಾದರ್‌ಗೆ ಕರೆದುಕೊಂಡು ಹೋದ. ಅವರು ಆಸ್ಪತ್ರೆಯಲ್ಲಿದ್ದಾಗಲೇ ಕಾರನ್ನು ಗುಜರಿಗೆ ಹಾಕಿದ್ದ. ಗಾಡಿಯ ಮುಗಿದ ಆಯಸ್ಸಿನ ನೆಪ ಅವನಿಗೆ ಸಿಕ್ಕಿತ್ತು. ಕಾಕುವನ್ನು ಒಂದು ಮಾತೂ ಕೇಳಿರಲಿಲ್ಲ.

ನಾನು ನೋಡಲು ಹೋದೆ. ಒಳ್ಳೆಯ ಕೋಣೆ, ಗಾಳಿ ಬೆಳಕು, ಹಗಲಿಗೆ ಒಬ್ಬ ನರ್ಸ್. ದೂರಲು ಏನೂ ಇರಲಿಲ್ಲ. ಎದುರಿನ ಗೋಡೆಯ ಮೇಲೆ, ಕಪಾಟಿನ ಪಕ್ಕ, ಯಾಕೋ ಒಂದು ಒದ್ದೆ ಲಂಗ ತೂಗುಹಾಕಿತ್ತು. ಇಲ್ಲಿ ಯಾಕೆ ಒಣಹಾಕಿದ್ದೀರಿ ಎಂದು ಕೇಳಿದೆ. ಅವರ ಕಣ್ಣಿನಲ್ಲಿ ಹಳೆಯ ಹೊಳಪು ಬಂತು. ಲಂಗದ ಹಿಂದೆ ಕ್ಯಾಮೆರಾ ಇತ್ತು. ಅವನು ಆಫೀಸಿನಿಂದ ಅವರನ್ನು ನೋಡುತ್ತಿದ್ದ. ಸೊಸೆ ದಿನಾ ಸಂಜೆ ಲಂಗ ತೆಗೆಯುತ್ತಿದ್ದಳು, ಕಾಕು ದಿನಾ ಬೆಳಿಗ್ಗೆ ವಾಕರ್ ಹಿಡಿದು, ಗೋಡೆ ಹಿಡಿದು, ಅಲ್ಲಿಯವರೆಗೆ ಹೋಗಿ ಮತ್ತೆ ತೂಗುಹಾಕುತ್ತಿದ್ದರು.

"ಡಾಕ್ಟರ್ ನಡೀರಿ ಅಂದಾರ" ಎಂದರು. "ನಡೀತೀನಿ."

ಅದು ನಾನು ಅವರನ್ನು ಕೊನೆಯ ಸಲ ನೋಡಿದ್ದು. ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಹೋದರು. ಅವ್ವ ಮತ್ತು ನಾನು ದಾದರ್‌ಗೆ ಹೋದೆವು. ಹಾಲ್ ತುಂಬ ಜನ, ಗೋಡೆಗೊರಗಿದ ಫೋಟೋ, ಹೂವು. ಬಂದವರೆಲ್ಲ ಅವನ ಹೆಗಲು ಮುಟ್ಟಿ ಹೇಳುತ್ತಿದ್ದರು: ತಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆಯಪ್ಪ. ಅವನು ಕಣ್ಣೊರೆಸಿಕೊಂಡು ತಲೆಯಾಡಿಸುತ್ತಿದ್ದ. ಹೌದು. ಕಣ್ಣಲ್ಲಿ ಕಣ್ಣಿಟ್ಟೇ ನೋಡಿದ.  ಅವ್ವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವನು ಅವ್ವನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. ಮಡಿಗೆ ಹಾಗೆ ಮಾಡಿದಳೆಂದು ಜನ ತಿಳಿದಿರಬೇಕು...

ಹೋದ ವಾರ ಆ ವಾಸನೆ ಮೂಗಿಗೆ ತಾಕಿದ ದಿನ ಲೋಕಲ್ ತಪ್ಪಿತು, ಕೆಲಸಕ್ಕೆ ತಡವಾಯಿತು. ಸಂಜೆ ಬಂದು ಅವ್ವನಿಗೆ ಹೇಳಿದೆ. ಅವಳು ನೆಲದ ಮೇಲೆ ಪೇಪರ್ ಹರಡಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಈಗ ಅವಳಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಕಡ್ಡಿಯೂ ಎಲೆಯೂ ಒಂದೇ ರಾಶಿಗೆ ಬೀಳುತ್ತವೆ. ಕಾಕುವಿನ ಮಾತು ಬಂದರೆ ಅವಳು ಸಾಮಾನ್ಯವಾಗಿ ಎದ್ದು ಒಳಗೆ ಹೋಗುತ್ತಾಳೆ. ಅಂದು ಹೋಗಲಿಲ್ಲ. ಅವನ ಮೇಲೆ ನಾನು ಎಂದಿನಂತೆ ಕಿಡಿಕಾರಿದೆ. ಅವಳು ಮುಗಿಯುವವರೆಗೂ ಕೇಳಿದಳು.

"ಅವನ ಮಾತು ಬಿಡು" ಎಂದಳು. "ಒಂದು ವರ್ಷ ನ‌ನ್ನ ಎದುರಿನ ಬಾಗಲಾ ಮುಚ್ಚಿತ್ತು. ನಾನರ ಒಂದಿನ ಬಡದು, ಯಾಕ ಮಾತ ಬಿಟ್ಟಿ ಅಂತ ಕೇಳಬೇಕಿತ್ತಲ್ಲ."

ಇಷ್ಟು ವರ್ಷಗಳಲ್ಲಿ ಅವಳು ಈ ಮಾತು ಆಡಿದ್ದು ಇದೇ ಮೊದಲು.  ಅದು ನಿನ್ನ ತಪ್ಪಲ್ಲ ಎಂದೆ. ಅವಳು ತಲೆಯಲ್ಲಾಡಿಸಿದಳು, ಒಪ್ಪಿದ್ದಕ್ಕೋ ಅಲ್ಲ ಎಂದದ್ದಕ್ಕೋ ಗೊತ್ತಾಗಲಿಲ್ಲ. ನಾನು ಪಕ್ಕದಲ್ಲಿ ಕೂತು ಸೊಪ್ಪಿನಿಂದ ಕಡ್ಡಿ ಆರಿಸತೊಡಗಿದೆ. ಕಾಕುವಿನ ಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ, ಅವರ ಟಿವಿಯ ಸದ್ದು ನಮ್ಮಲ್ಲಿಗೆ ಕೇಳುತ್ತಿತ್ತು. ಅವ್ವನ ಕೈ ನಿಂತಿತ್ತು. ನನ್ನ ಸಿಟ್ಟು ಹಾಗೇ ಇತ್ತು, ಈಗಲೂ ಇದೆ. ಅದನ್ನು ಇಳಿಸಿಕೊಳ್ಳುವ ಮನಸ್ಸು ನನಗಿಲ್ಲ. ಅವ್ವನಿಗೆ ಮಾತ್ರ ಸಿಟ್ಟಿನ ಆ ಆಸರೆಯೂ ಇಲ್ಲ.